ವಾರದ ರಾತ್ರಿ ಊಟ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ದಾವಣಗೆರೆ, ಚಿತ್ರದುರ್ಗ ಕಡೆಯವರು ಹೇಳಿ

ನಿಟ್ಟುವಳ್ಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ಕೇಳುವವರಿಗೆ ಸಣ್ಣ ವಿಷಯ ಅನ್ನಿಸಬಹುದು, ನನಗೆ ಇದು ದಿನಾ ಕಾಡುವ ತಲೆನೋವು.

ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಸಂಜೆ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ "ರಾತ್ರಿಗೆ ಏನು?" ಅಂತ ಶುರು. ಫ್ರಿಜ್ ತೆಗೆದರೆ ಅರ್ಧ ಹೂಕೋಸು, ಬಾಡಿದ ಕೊತ್ತಂಬರಿ, ಎರಡು ಬದನೆಕಾಯಿ. ಕಾಳು ನೆನೆಹಾಕಿರುವುದಿಲ್ಲ. ಜೋಳದ ಹಿಟ್ಟು ಮುಗಿದಿರುತ್ತದೆ. ಕೊನೆಗೆ ಅನ್ನ, ತಿಳಿಸಾರು, ಹಪ್ಪಳ. ಇಲ್ಲದಿದ್ದರೆ ಯಾರನ್ನಾದರೂ ಓಡಿಸಿ ಮಂಡಕ್ಕಿ, ಮೆಣಸಿನಕಾಯಿ ತರಿಸುವುದು. ಮಕ್ಕಳಿಗೆ ಅದೇ ಹಬ್ಬ. ಆದರೆ ದಿನಾ ರಾತ್ರಿ ಅದನ್ನೇ ಊಟ ಅನ್ನೋಕಾಗಲ್ಲ ಅಲ್ವಾ?

ಅತ್ತೆಗೆ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಮನೆಯವರಿಗೆ ಸಕ್ಕರೆ ಕಾಯಿಲೆ. ಮಕ್ಕಳಿಗೆ ಅನ್ನ ಬೇಕು, ಪಲ್ಯ ಬೇಡ. ನಾನು ಹಿರಿಯೂರು ಕಡೆಯವಳು, ವಾರಕ್ಕೆ ಒಂದು ಸಲವಾದರೂ ಮುದ್ದೆ ಬೇಕು.

ವಾರದ ರಾತ್ರಿ ಊಟವನ್ನು ಭಾನುವಾರವೇ ತೀರ್ಮಾನ ಮಾಡಿಕೊಳ್ಳುವವರು ಯಾರಾದರೂ ಇದ್ದೀರಾ? ವಿಡಿಯೋಗಳಲ್ಲಿ ತೋರಿಸುವ ಪಾಸ್ತಾ, ಸಲಾಡ್, ಗಾಜಿನ ಡಬ್ಬಿ ಬೇಡ. ನಮ್ಮ ಕಡೆ ಅಡುಗೆಗೆ ಹೊಂದುವಂಥದ್ದು ಹೇಳಿ.

ಎಂಸಿಸಿ ಬಿ ಬ್ಲಾಕ್

ಇದ್ದೇವೆ ಅಕ್ಕಾ. ಮದುವೆಯಾದಾಗಿನಿಂದ ಇದನ್ನೇ ಮಾಡುತ್ತಿದ್ದೇನೆ. ಮೊದಲ ಮಾತು: ಪಟ್ಟಿಯಲ್ಲಿ ಅಡುಗೆಯ ಹೆಸರು ಬರೆಯಬೇಡಿ. "ಮಂಗಳವಾರ ಹೀರೆಕಾಯಿ ಪಲ್ಯ" ಅಂತ ಬರೆದರೆ ಆ ವಾರವೇ ಒಳ್ಳೆಯ ಹೀರೆಕಾಯಿ ಸಿಗುವುದಿಲ್ಲ. ಪಟ್ಟಿ ಒಂದು ಕಡೆ, ಮಾರ್ಕೆಟ್ ಒಂದು ಕಡೆ ಆಗುತ್ತದೆ.

ಬದಲಿಗೆ ರೊಟ್ಟಿಯೋ, ಮುದ್ದೆಯೋ, ಅನ್ನವೋ, ಅದನ್ನು ಮಾತ್ರ ವಾರಕ್ಕೆ ಗಟ್ಟಿ ಮಾಡಿ. ನಮ್ಮಲ್ಲಿ ಸೋಮವಾರ, ಗುರುವಾರ ರೊಟ್ಟಿ. ಮಂಗಳವಾರ ಮುದ್ದೆ. ಬುಧವಾರ ಚಪಾತಿ. ಶುಕ್ರವಾರ ಅನ್ನ, ಸಾರು. ಶನಿವಾರ ದೋಸೆ ಅಥವಾ ತಾಳಿಪಟ್ಟು. ಭಾನುವಾರ ಮಧ್ಯಾಹ್ನದ್ದು ಏನಿದೆಯೋ ಅದೇ ರಾತ್ರಿಗೂ.

ಇಷ್ಟು ಗೊತ್ತಾದರೆ ಉಳಿದ ಅರ್ಧ ತಾನೇ ಗೊತ್ತಾಗುತ್ತದೆ. ರೊಟ್ಟಿ ಅಂದ ಮೇಲೆ ಒಂದು ಕಾಳಿನ ಪಲ್ಯ, ಒಂದು ಸೊಪ್ಪು ಅಥವಾ ತರಕಾರಿ, ಚಟ್ನಿಪುಡಿ, ಮೊಸರು. ಮುದ್ದೆ ಅಂದರೆ ಸಾರು ಮೈಗಟ್ಟಿ ಇರಬೇಕು. ಹಾಗಾಗಿ ಹುರುಳಿ, ಅವರೆ, ಬಸ್ಸಾರು, ಉಪ್ಸಾರು, ಇಷ್ಟರಲ್ಲಿ ಒಂದು. ಯಾವ ತರಕಾರಿ ಅನ್ನುವುದನ್ನು ಬುಟ್ಟಿ ನೋಡಿ ಹೇಳಿದರಾಯಿತು.

ಕೋಟೆನಾಡು

ಇದೆಲ್ಲ ಈಗಿನ ಗೀಳು ಅನ್ನಿಸುತ್ತದೆ. ನಮ್ಮಮ್ಮ ಚಿತ್ರದುರ್ಗದಲ್ಲಿ ಒಂಬತ್ತು ಜನಕ್ಕೆ ಅಡುಗೆ ಮಾಡುತ್ತಿದ್ದರು. ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಇದ್ದುದರಲ್ಲಿ ಬಿಸಿಬಿಸಿ ಮಾಡಿ ಬಡಿಸುತ್ತಿದ್ದರು.

ಆನೆಬಾಗಿಲು

ಕೋಟೆನಾಡು ಅವರೇ, ನಿಮ್ಮ ಅಮ್ಮ ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕುತ್ತಿರಲಿಲ್ಲವೇ? ಮರುದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಡುತ್ತಿರಲಿಲ್ಲವೇ? ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ, ವರ್ಷಕ್ಕಾಗುವಷ್ಟು ಖಾರದಪುಡಿ, ಹುಣಸೆಹಣ್ಣು ಬೀಜ ತೆಗೆದು ಉಪ್ಪು ಹಾಕಿ ಮಡಕೆಯಲ್ಲಿ ತುಂಬಿಡುವುದು, ಇದೆಲ್ಲ ಏನು? ಅದೂ ಮುಂದಾಲೋಚನೆಯೇ. ಕಾಗದದ ಮೇಲೆ ಇರಲಿಲ್ಲ, ಅವರ ತಲೆಯಲ್ಲಿತ್ತು. ಉಂಡವರಿಗೆ ಕಾಣಲಿಲ್ಲ, ಅಷ್ಟೇ.

ಕೋಟೆನಾಡು

ಕಾಳಿನ ಮಾತು ಒಪ್ಪುತ್ತೇನೆ. ಆದರೂ ಅವರು ದಿನವೂ ಮನೆಯಲ್ಲಿ ಇರುತ್ತಿದ್ದರು. ಹಿತ್ತಲಲ್ಲಿ ಸೊಪ್ಪು ಇತ್ತು, ಕರಿಬೇವು ಇತ್ತು. ಈಗ ಅದನ್ನು ಹೋಲಿಸೋಕಾಗಲ್ಲ.

ಆನೆಬಾಗಿಲು

ಅದಕ್ಕೇ ಈಗ ಕಾಗದ ಬೇಕು ಅನ್ನುತ್ತಿರುವುದು.

ಕಾಳುಕಡಿ

ಕಾಳಿನ ವಿಷಯ ಬಂದದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ಇಡೀ ವಾರದ ಊಟ ನಿಂತಿರುವುದೇ ಹಿಂದಿನ ರಾತ್ರಿಯ ಕಾಳಿನ ಮೇಲೆ. ಸಂಜೆ ಏಳಕ್ಕೆ ಕಾಳು ನೆನಪಾದರೆ ಏನು ಪ್ರಯೋಜನ? ಕಡಲೆ, ಹುರುಳಿ, ಒಣ ಅವರೆಗೆ ಕಡಿಮೆ ಅಂದರೂ ಎಂಟು ತಾಸು ನೀರು ಬೇಕು.

ನಾನು ಹೀಗೆ ಮಾಡುತ್ತೇನೆ. ಭಾನುವಾರ ರಾತ್ರಿ ಮಡಿಕೆ ಕಾಳು, ಹೆಸರುಕಾಳು ಎರಡನ್ನೂ ಬೇರೆ ಬೇರೆ ನೆನೆಹಾಕುತ್ತೇನೆ. ಸೋಮವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮುಚ್ಚಳದ ಪಾತ್ರೆಯಲ್ಲಿ ಇಟ್ಟು ಕೆಲಸಕ್ಕೆ ಹೊರಡುವುದು. ಬೇಸಿಗೆಯಲ್ಲಿ ಸೋಮವಾರ ರಾತ್ರಿಗೇ ಹೆಸರುಕಾಳಿನ ಮೂತಿ ಒಡೆದಿರುತ್ತದೆ. ಚಳಿಯಲ್ಲಿ ಮಂಗಳವಾರ ಬೆಳಿಗ್ಗೆವರೆಗೂ ಬೇಕು. ಮೊಳಕೆ ಅರ್ಧ ಬೆರಳು ಬರುವವರೆಗೆ ಕಾಯಬೇಡಿ, ಬಿಳಿ ಮೂತಿ ಕಂಡರೆ ಸಾಕು. ಜಾಸ್ತಿ ಬೆಳೆದರೆ ಪಲ್ಯದಲ್ಲಿ ಸಪ್ಪೆಯಾಗುತ್ತದೆ. ಆಮೇಲೆ ಫ್ರಿಜ್‌ನಲ್ಲಿ ಇಟ್ಟರೆ ಎರಡು ಮೂರು ದಿನ ಬರುತ್ತದೆ. ಒಂದು ಹಿಡಿ ರೊಟ್ಟಿಗೆ ಪಲ್ಯ, ಒಂದು ಹಿಡಿ ಸಾರಿಗೆ, ಉಳಿದದ್ದು ಮಂಡಕ್ಕಿ ಒಗ್ಗರಣೆಗೆ.

ಹುರುಳಿ ಬೇರೆ ಲೆಕ್ಕ. ಬೇಯಿಸಿ ಕಟ್ಟು ಬಸಿದು ಸಾರು ಮಾಡಿ, ಕಾಳಿಗೆ ಈರುಳ್ಳಿ, ಕೊಬ್ಬರಿ ಹಾಕಿ ಪಲ್ಯ. ಒಂದೇ ಕುಕ್ಕರ್‌ನಲ್ಲಿ ಎರಡು ಅಡುಗೆ. ಸಾರು ಮರುದಿನ ಚೆನ್ನಾಗಿ ಕುದಿಸಿದರೆ ಮೊದಲ ದಿನಕ್ಕಿಂತ ರುಚಿ.

ಹರಿಹರ ಸೇತುವೆ

ಮಡಿಕೆ ಕಾಳಿಗೆ ಅರ್ಧ ಚಮಚ ಗುರೆಳ್ಳು ಪುಡಿ ಹಾಕಿ ನೋಡಿ.

ಕೆಟಿಜೆ ನಗರ ಹುಡುಗ

ಒಬ್ಬನೇ ರೂಮಿನಲ್ಲಿ ಇರುವವರಿಗೆ ಇದು ಯಾವುದೂ ನಡೆಯುವುದಿಲ್ಲ. ನನ್ನದು ಒಂದು ಒಲೆ, ಒಂದು ಕುಕ್ಕರ್. ವಾರದ ಪಟ್ಟಿ ಹೀಗೆ: ಅನ್ನ, ಮೊಟ್ಟೆ, ಮಂಡಕ್ಕಿ, ಅನ್ನ, ಮೊಟ್ಟೆ, ಮಂಡಕ್ಕಿ.

ಹರಿಹರ ಸೇತುವೆ

ತಮ್ಮಾ, ಆ ಮಂಡಕ್ಕಿಗೇ ಒಂದು ಹಿಡಿ ಮೊಳಕೆ ಕಾಳು, ಈರುಳ್ಳಿ, ಟೊಮೆಟೊ, ಪುಟಾಣಿ ಪುಡಿ ಹಾಕು. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆ, ಜಾಸ್ತಿ ಹೊತ್ತು ಬಿಟ್ಟರೆ ಮುದ್ದೆಯಾಗುತ್ತದೆ. ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ.

ಗಡಿಯಾರ ಕಂಬ

ಮಂಡಕ್ಕಿ ಉಳಿದರೆ ದೋಸೆ ಹಿಟ್ಟಿಗೂ ಹಾಕಬಹುದು. ನಮ್ಮೂರ ಬೆಣ್ಣೆ ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನ ಬೇಳೆ ಜೊತೆ ಮಂಡಕ್ಕಿ ರುಬ್ಬಿ ಸೇರಿಸುತ್ತಾರೆ. ಮನೆಯಲ್ಲೂ ಅದೇ ಮಾಡಿ, ಶನಿವಾರಕ್ಕೆ ಒಂದು ದಾರಿ ಆಗುತ್ತದೆ.

ಜಯನಗರ ದೂರ

ನಾನು ಬೆಂಗಳೂರಲ್ಲಿ ಇದ್ದೇನೆ. ಬೆಣ್ಣೆ ದೋಸೆ ಹೆಸರು ಎತ್ತಬೇಡ್ರಪ್ಪ, ಊರು ನೆನಪಾಗುತ್ತದೆ. ಇಲ್ಲಿ ಬೋರ್ಡು ಇದೆ, ಆ ಬೆಣ್ಣೆ ಇಲ್ಲ.

ರೊಟ್ಟಿ ತಟ್ಟುವವಳು

ನಾನು ಮನೆಯಲ್ಲಿ ರೊಟ್ಟಿ ಮಾಡಿ ಮಾರುತ್ತೇನೆ. ಹಾಗಾಗಿ ರೊಟ್ಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ದಿನಾ ರೊಟ್ಟಿ ತಟ್ಟಬೇಕು ಅಂತ ಯಾರೂ ಒತ್ತಾಯ ಮಾಡಬಾರದು. ಕಟಕ ರೊಟ್ಟಿ ತಂದಿಟ್ಟುಕೊಳ್ಳಿ. ಪೂರ್ತಿ ಒಣಗಿದ್ದು, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಮಾತ್ರ ಬೂಸ್ಟು ಬರುತ್ತದೆ. ತಂದ ದಿನವೇ ಒಂದನ್ನು ಮುರಿದು ನೋಡಿ. ಟಕ್ ಅಂತ ಮುರಿಯಬೇಕು, ಬಾಗಬಾರದು. ವಯಸ್ಸಾದವರಿಗೆ ಹಲ್ಲು ಸಾಗದಿದ್ದರೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಿ, ಇಲ್ಲವೇ ಬಿಸಿ ಬೇಳೆ ಸಾರಿನಲ್ಲಿ ಮುರಿದು ಹಾಕಿಕೊಡಿ.

ಮೆತ್ತನೆ ರೊಟ್ಟಿಯೇ ಬೇಕು ಅನ್ನುವವರಿಗೆ ಹಿಟ್ಟು ಮುಖ್ಯ. ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಡಬೇಡಿ. ಹಳೆಯದಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಎಷ್ಟು ನಾದಿದರೂ ಸರಿ ಹೋಗುವುದಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಅದಕ್ಕೇ ಕುದಿಯುವ ನೀರು ಹಾಕುವುದು. ಬಿಸಿ ನೀರಿಗೆ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಹಿಂಗಾರಿನ ಬಿಳಿಜೋಳ, ಮಾಲ್ದಂಡಿ ಸಿಕ್ಕರೆ ಬಿಡಬೇಡಿ. ಹೈಬ್ರಿಡ್ ಜೋಳ ಅಗ್ಗ, ಆದರೆ ರೊಟ್ಟಿ ತಣಿದ ಮೇಲೆ ಚಕ್ಕೆಯಾಗುತ್ತದೆ. ನಾನು ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತೇನೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಒಂದು ಗಳಿಗೆ ತಡವಾದರೂ ಉಬ್ಬುವುದಿಲ್ಲ.

ನಿಟ್ಟುವಳ್ಳಿ ಅಕ್ಕ

ಎಷ್ಟು ಚೆನ್ನಾಗಿ ಹೇಳಿದಿರಿ! ಅತ್ತೆಗೆ ಓದಿ ಹೇಳಿದೆ. "ಹಿಟ್ಟಿನ ಮಾತು ಖರೇ" ಅಂದರು. ಕಟಕ ರೊಟ್ಟಿಗೆ ಮಾತ್ರ ಇನ್ನೂ ಒಪ್ಪಿಲ್ಲ.

ಚಳ್ಳಕೆರೆ ಶೇಂಗಾ

ನಮ್ಮ ತಾಲೂಕಿನ ಶೇಂಗಾ ಮರೆಯಬೇಡಿ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಸುಮ್ನೆ ಕರೆದಿದ್ದಲ್ಲ. ವಾರದ ಅಡುಗೆಗೆ ನಾನು ಮೊದಲು ಮಾಡಿಡುವುದು ಒಂದು ಡಬ್ಬಿ ಹುರಿದ ಮಸಾಲೆ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯುವುದು. ಬಿಳಿ ಎಳ್ಳು, ಗುರೆಳ್ಳು, ಒಣಕೊಬ್ಬರಿ ಬೇರೆ ಬೇರೆ ಹುರಿಯುವುದು, ಒಟ್ಟಿಗೆ ಹಾಕಿದರೆ ಎಳ್ಳು ಸೀಯುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ ಸೇರಿಸಿ ತರಿತರಿ ಪುಡಿ. ಬೆಳ್ಳುಳ್ಳಿ ಈಗ ಹಾಕಬೇಡಿ, ಅಡುಗೆ ಮಾಡುವ ದಿನ ಹಾಕಿ.

ಈ ಪುಡಿ ಇದ್ದರೆ ಎಣ್ಣೆಗಾಯಿ ಇಪ್ಪತ್ತೈದು ನಿಮಿಷ. ಇದೇ ಪುಡಿ ಬೆಂಡೆಕಾಯಿ, ಹೀರೆಕಾಯಿ, ದೊಣ್ಣೆ ಮೆಣಸಿನಕಾಯಿ ಎಲ್ಲಕ್ಕೂ ನಡೆಯುತ್ತದೆ. ಅಕ್ಕನ ಫ್ರಿಜ್‌ನಲ್ಲಿ ಇದ್ದ ಎರಡು ಬದನೆಕಾಯಿಗೆ ಇದೊಂದೇ ಕಡಿಮೆ ಇತ್ತು.

ನರ್ಸಕ್ಕ

ಸಕ್ಕರೆ ಕಾಯಿಲೆ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜೋಳದ ರೊಟ್ಟಿ, ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅದು ತಪ್ಪು. ನಾರಿನಂಶ ಜಾಸ್ತಿ ಇದೆ, ಬಿಳಿ ಅನ್ನಕ್ಕಿಂತ ಮೇಲು. ಆದರೆ ಅದೂ ಪಿಷ್ಟವೇ. ದೊಡ್ಡ ಮುದ್ದೆ ಎರಡು ನುಂಗಿ, ಮೇಲೆ ಒಂದು ಸೌಟು ಅನ್ನ ಹಾಕಿಸಿಕೊಂಡರೆ ಲೆಕ್ಕ ಎಲ್ಲಿಗೆ ಹೋಯಿತು?

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಬಿಟ್ಟಿತು. ಅದರಲ್ಲಿ ತಟ್ಟೆಯ ಹೆಚ್ಚುಕಡಿಮೆ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು ಅನ್ನುತ್ತಾರೆ. ನಮ್ಮ ರೊಟ್ಟಿ ಊಟದಲ್ಲಿ ಇದು ಕಷ್ಟವೇ ಅಲ್ಲ. ಹಸಿ ಸೌತೆಕಾಯಿ, ಮೂಲಂಗಿ, ಈರುಳ್ಳಿ, ಎಳೆ ಮೆಂತ್ಯ ಸೊಪ್ಪು ಹಾಗೇ ನಂಜಿಕೊಳ್ಳುವ ರೂಢಿ ನಮ್ಮಲ್ಲಿ ಮೊದಲಿನಿಂದ ಇದೆ. ಅದನ್ನು ಬಿಟ್ಟು ರೊಟ್ಟಿಯ ಎಣಿಕೆ ಮಾತ್ರ ಉಳಿಸಿಕೊಂಡಿದ್ದೇವೆ. ಔಷಧಿ ತೆಗೆದುಕೊಳ್ಳುವವರು ರಾತ್ರಿ ಊಟ ಬಿಡುವುದು, ತುಂಬಾ ತಡ ಮಾಡುವುದು ಎರಡೂ ಬೇಡ. ಊಟಕ್ಕೆ ಒಂದೇ ಹೊತ್ತು ಇದ್ದರೆ ಒಳ್ಳೆಯದು. ಪಟ್ಟಿ ಹಾಕುವುದರಿಂದ ಅತಿ ದೊಡ್ಡ ಲಾಭ ಅದೇ.

ಹೊಸದುರ್ಗ ಸಾವೆ

ವಾರಕ್ಕೆ ಒಂದು ದಿನ ಅನ್ನದ ಬದಲು ಸಾವೆ ಅಥವಾ ನವಣೆ ಮಾಡಿ. 2023 ಸಿರಿಧಾನ್ಯ ವರ್ಷ ಅಂತ ಆಚರಿಸಿ ಎಲ್ಲರೂ ಭಾಷಣ ಮಾಡಿದರು, ಆಮೇಲೆ ಮರೆತರು. ನಮ್ಮ ಜಿಲ್ಲೆಯ ಕೆಂಪು ಮಣ್ಣಲ್ಲಿ ಬೆಳೆಯುವುದು ಅದು. ಮಕ್ಕಳಿಗೆ ಮೊದಲ ದಿನವೇ ತಿಳಿಸಾರು ಜೊತೆ ಕೊಡಬೇಡಿ, ಚಿತ್ರಾನ್ನದ ಒಗ್ಗರಣೆ ಹಾಕಿ ಕೊಡಿ.

ಶಾಂತಿಸಾಗರ

ನಮ್ಮದು ಭದ್ರಾ ನಾಲೆಯ ಕಡೆ, ಭತ್ತದ ಮನೆ. ಎರಡು ಹೊತ್ತೂ ಅನ್ನವೇ. ಅನ್ನ ಒಂದೇ ಸಲ ಜಾಸ್ತಿ ಮಾಡಿಟ್ಟುಕೊಂಡರೆ ಮರುದಿನಕ್ಕೂ ಬರುತ್ತದೆ, ಇದಕ್ಕೆ ಪಟ್ಟಿ ಯಾಕೆ?

ನರ್ಸಕ್ಕ

ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಅಕ್ಕಿ ಬೆಂದರೂ ಅದು ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಬಿದ್ದಿದ್ದರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಶುರುವಾಗುತ್ತದೆ. ಹಾಗಾಗಿ ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ.

ಶಾಂತಿಸಾಗರ

ನಮ್ಮ ಅಜ್ಜ ಬೆಳಿಗ್ಗೆ ತಂಗಳನ್ನ, ಮಜ್ಜಿಗೆ ಉಂಡೇ ಹೊಲಕ್ಕೆ ಹೋಗುತ್ತಿದ್ದರು. ತೊಂಬತ್ತರವರೆಗೆ ಗಟ್ಟಿ ಇದ್ದರು.

ನರ್ಸಕ್ಕ

ನೀರೋ ಮಜ್ಜಿಗೆಯೋ ಹಾಕಿ ಹುಳಿ ಬರಿಸಿದ ಅನ್ನ ಬೇರೆ, ಕುಕ್ಕರ್‌ನಲ್ಲಿ ಮುಚ್ಚಿಟ್ಟು ಮರೆತ ಅನ್ನ ಬೇರೆ. ಅಜ್ಜನ ಮೇಲೆ ಗೌರವ ಇದೆ. ಆದರೆ ಮಕ್ಕಳ ಹೊಟ್ಟೆಯ ಮೇಲೆ ಪರೀಕ್ಷೆ ಬೇಡ ಸಾರ್.

ಬೇಸಿಗೆ ಕರೆಂಟು

ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟು ಹೋದರೆ ಫ್ರಿಜ್ ನಂಬಿ ಕೂರಬೇಡಿ. ಬಾಗಿಲು ಪದೇ ಪದೇ ತೆಗೆಯಬೇಡಿ. ಆ ಎರಡು ತಿಂಗಳು ರುಬ್ಬಿದ ಮಸಾಲೆ, ತುರಿದ ಹಸಿ ಕೊಬ್ಬರಿ ಮಾಡಿಡುವುದೇ ಬೇಡ. ಒಣ ಪುಡಿಗಳ ಕಾಲ ಅದು.

ಪಿಜೆ ಬಡಾವಣೆ

ಎಲ್ಲರೂ ಏನು ಬೇಯಿಸಬೇಕು ಅಂತ ಹೇಳುತ್ತಿದ್ದೀರಿ. ಯಾರು ತೀರ್ಮಾನ ಮಾಡಬೇಕು ಅಂತ ಯಾರೂ ಕೇಳುತ್ತಿಲ್ಲ. ನನಗೆ ಅದೇ ಸಂಕಟ.

ಅಡುಗೆ ಮಾಡುವುದಕ್ಕಿಂತ ಏನು ಅಡುಗೆ ಅಂತ ಯೋಚಿಸುವುದು ಜಾಸ್ತಿ ಸುಸ್ತು. ಆಫೀಸಿನಲ್ಲಿ ಕೂತಾಗಲೂ ತಲೆಯಲ್ಲಿ ಅದೇ: ಬೇಳೆ ಇದೆಯಾ, ಹಾಲು ಉಳಿದಿದೆಯಾ, ನಾಳೆ ಅಮಾವಾಸ್ಯೆನಾ, ಇವರಿಗೆ ಇವತ್ತು ಹೊಟ್ಟೆ ಸರಿ ಇಲ್ಲ ಅಂದಿದ್ದರಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಚೆನ್ನಾಗಿ ಬರೆದು ಫ್ರಿಜ್‌ಗೆ ಅಂಟಿಸಿದರೆ ಭಾರ ಇಳಿಯಿತಾ? ಬರೆಯುವವಳೂ ನಾನೇ, ತರುವವಳೂ ನಾನೇ, "ಇವತ್ತೂ ಇದೇನಾ" ಅಂತ ಕೇಳಿಸಿಕೊಳ್ಳುವವಳೂ ನಾನೇ. ಹೀಗಾದರೆ ಪಟ್ಟಿ ಇನ್ನೊಂದು ಕೆಲಸ ಆಗುತ್ತದೆ ಅಷ್ಟೇ.

ಅಕ್ಕಾ, ನೀವು ಭಾನುವಾರ ಪಟ್ಟಿ ಹಾಕುವಾಗ ಮನೆಯವರನ್ನೂ ಅತ್ತೆಯನ್ನೂ ಮಕ್ಕಳನ್ನೂ ಕೂರಿಸಿ. ಒಬ್ಬೊಬ್ಬರು ಒಂದು ರಾತ್ರಿ ಆರಿಸಲಿ. ಆರಿಸಿದ ಮೇಲೆ ಆ ದಿನ ಅದರ ಬಗ್ಗೆ ಗೊಣಗುವಂತಿಲ್ಲ.

ವಿದ್ಯಾನಗರ ಅಪ್ಪ

ಪಿಜೆ ಬಡಾವಣೆ ಅವರ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಬುಧವಾರ, ಶನಿವಾರ ರಾತ್ರಿ ನನ್ನದು. ಸಾಮಾನು ನೋಡುವುದು, ತರುವುದು, ಮಾಡುವುದು, ಒಲೆ ಒರೆಸುವುದು, ಎಲ್ಲ ಸೇರಿ ನನ್ನದು. ಹೆಂಡತಿ ಆ ಎರಡು ದಿನ ಅಡುಗೆಮನೆಗೆ ಬರುವಂತಿಲ್ಲ. ಚಪಾತಿ, ಆಲೂಗಡ್ಡೆ ಪಲ್ಯ, ಟೊಮೆಟೊ ಗೊಜ್ಜು ನನ್ನ ಕೈಗೆ ಚೆನ್ನಾಗಿ ಕೂತಿದೆ.

ಕೋಟೆನಾಡು

ಗಂಡಸರು ಸಹಾಯ ಮಾಡಿದರೆ ಒಳ್ಳೆಯದೇ. ಇದನ್ನೆಲ್ಲ ಕಾಯಿದೆ ಮಾಡಬೇಕಾ?

ಪಿಜೆ ಬಡಾವಣೆ

ಸಹಾಯ ಅಲ್ಲ ಸಾರ್. ಅವರೂ ಉಣ್ಣುವ ಊಟ ಅದು. ಪಾಲು ಅನ್ನಿ.

ವಿದ್ಯಾನಗರ ಅಪ್ಪ

ಕಾಯಿದೆ ಅನ್ನಿ, ರೂಢಿ ಅನ್ನಿ. ದಿನ ಗೊತ್ತಿಲ್ಲದಿದ್ದರೆ "ನಾಳೆ ನಾನು ಮಾಡ್ತೀನಿ" ಅಂತ ಹೇಳಿಯೇ ವರ್ಷ ಕಳೆಯುತ್ತದೆ. ದಿನ ಗೊತ್ತಿದ್ದರೆ ಸಂಜೆ ಆಫೀಸಿನಿಂದ ಹೊರಡುವಾಗಲೇ ನನಗೆ ಕೊತ್ತಂಬರಿ ನೆನಪಾಗುತ್ತದೆ.

ಮಿಲ್ ಕಾಲದವರು

ಇದನ್ನು ಓದಿ ಹಳೆಯದೊಂದು ನೆನಪಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯ ಊಟದ ಪಟ್ಟಿ ಬರೆಯುತ್ತಿದ್ದುದೇ ಮಿಲ್ಲಿನ ಪಾಳಿ. ರಾತ್ರಿ ಪಾಳಿ ವಾರ ಸಂಜೆಯೇ ರೊಟ್ಟಿ, ಗಟ್ಟಿ ಪಲ್ಯ, ಬುತ್ತಿಗೂ ಅದೇ. ಬೆಳಗಿನ ಪಾಳಿ ವಾರ ರಾತ್ರಿ ಬೇಗ ಅನ್ನ, ಸಾರು ಉಂಡು ಮಲಗುವುದು. ಬುತ್ತಿಗೆ ತೆಳು ಪಲ್ಯ ಕಟ್ಟಿದರೆ ಬಟ್ಟೆಗೆಲ್ಲ ಎಣ್ಣೆ. ಹಾಗಾಗಿ ಆ ವಾರ ಜುಣುಕ, ಚಟ್ನಿಪುಡಿ, ಮೊಸರು. ಇಡೀ ಓಣಿಯಲ್ಲಿ ಒಂದೇ ಹೊತ್ತಿಗೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಮಿಲ್ಲುಗಳು ಮುಚ್ಚಿದ ಮೇಲೆ ಆ ಹೊತ್ತು ಹೋಯಿತು. ಒಂದು ಹೊತ್ತಿಗೆ ಕಟ್ಟುಬಿದ್ದ ಊಟದ ಬೆಲೆ ನನಗೆ ಗೊತ್ತು. ಅದಕ್ಕೇ ಈ ಅಕ್ಕನ ಪ್ರಶ್ನೆ ಸಣ್ಣದಲ್ಲ ಅನ್ನುತ್ತೇನೆ.

ಗಡಿಯಾರ ಕಂಬ

ಜುಣುಕ ನೆನಪಿಸಿದಿರಿ ಸಾರ್. ಕಡಲೆಹಿಟ್ಟು, ಈರುಳ್ಳಿ ಮನೆಯಲ್ಲಿ ಇದ್ದೇ ಇರುತ್ತದೆ. ಏನೂ ಇಲ್ಲದ ದಿನಕ್ಕೆ ಅದೇ ಗತಿ.

ಮಾರ್ಕೆಟ್ ಮಾತು

ತರಕಾರಿಗೆ ವಾರಕ್ಕೆ ಒಮ್ಮೆ ದಾವಣಗೆರೆಯ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತೇನೆ. ಪಟ್ಟಿ ಹಿಡಿದು ಮಾರ್ಕೆಟ್‌ಗೆ ಹೋಗಬೇಡಿ, ಮಾರ್ಕೆಟ್ ನೋಡಿಬಂದು ಪಟ್ಟಿ ಮಾಡಿ ಅನ್ನುವುದು ನನ್ನ ವಾದ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಪಟ್ಟಿ ಹಿಡಿದವರೆಲ್ಲ ಒದ್ದಾಡಿದರು. ನಾವು ಹುಣಸೆಹಣ್ಣಿಗೆ ಬಂದೆವು. ಈರುಳ್ಳಿಯೂ ಹಾಗೇ, ನಮ್ಮ ಚಿತ್ರದುರ್ಗದ ಕಡೆ ಬೆಳೆ ಬಂದಾಗ ರಸ್ತೆಗೆ ಸುರಿಯುವ ರೇಟು, ಇನ್ನೊಂದು ತಿಂಗಳಿಗೆ ಮುಟ್ಟೋಕಾಗಲ್ಲ. ಬೆಳೆದವನಿಗೂ ಇಲ್ಲ, ಕೊಂಡವನಿಗೂ ಇಲ್ಲ, ಆ ದುಡ್ಡು ಎಲ್ಲಿ ಹೋಗುತ್ತದೋ!

ಜಗಳೂರು ರೈತ

ಎಲ್ಲಿ ಹೋಗುತ್ತದೆ ಅಂತ ನಮಗೆ ಗೊತ್ತು ಅಣ್ಣಾ. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಶುರು ಮಾಡಿದರೆ ಅಕ್ಕನ ಊಟ ತಣ್ಣಗಾಗುತ್ತದೆ. ಒಂದು ಮಾತು ಮಾತ್ರ: ಈರುಳ್ಳಿಯನ್ನು ಆಲೂಗಡ್ಡೆ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ, ಎರಡೂ ಬೇಗ ಕೆಡುತ್ತವೆ. ಗಾಳಿ ಆಡುವ ಕಡೆ, ಒಣ ಜಾಗದಲ್ಲಿ ಹರಡಿ.

ಎಂಸಿಸಿ ಬಿ ಬ್ಲಾಕ್

ಮಾರ್ಕೆಟ್ ಮಾತು ಅವರು ಹೇಳಿದ್ದು ನಾನು ಹೇಳಿದ್ದಕ್ಕೆ ಸರಿಯಾಗಿ ಹೊಂದುತ್ತದೆ. ಇನ್ನೊಂದು ಸೇರಿಸಿ: ಒಂದು ರಾತ್ರಿ ಖಾಲಿ ಬಿಡಿ. ಉಳಿದದ್ದು ಮುಗಿಸುವುದಕ್ಕೆ, ಇಲ್ಲ ನೆಂಟರು ಬಂದರೆ ಜಾಗ ಇರುವುದಕ್ಕೆ. ಏಳಕ್ಕೆ ಏಳೂ ತುಂಬಿದ ಪಟ್ಟಿ ಬುಧವಾರವೇ ಮುರಿಯುತ್ತದೆ.

ಅಶೋಕ ರೋಡ್

ದುಗ್ಗಮ್ಮನ ಜಾತ್ರೆ ಬಂದ ವರ್ಷ ಆ ವಾರ ಪಟ್ಟಿ ಹರಿದೇ ಹಾಕಿ. ಎಷ್ಟು ಎಲೆ ಬೀಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಭಾನುವಾರ ಬಾಡು

ಬಾಡೂಟದ ಮನೆಯವರು ಯಾರೂ ಇಲ್ವಾ ಇಲ್ಲಿ? ನಮ್ಮಲ್ಲಿ ಭಾನುವಾರ ಮಟನ್ ಅಥವಾ ಕೋಳಿ ಗ್ಯಾರಂಟಿ. ಸೋಮವಾರ, ಶನಿವಾರ ಇಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ಇಲ್ಲ. ಹೀಗೆ ದಿನಗಳೇ ಅರ್ಧ ಪಟ್ಟಿ ಬರೆದುಕೊಡುತ್ತವೆ. ಭಾನುವಾರದ ಸಾರಿಗೆ ರುಬ್ಬುವಾಗ ಮಸಾಲೆ ಸ್ವಲ್ಪ ಜಾಸ್ತಿ ರುಬ್ಬಿ ಫ್ರೀಜರ್‌ನಲ್ಲಿ ಇಟ್ಟರೆ ಬುಧವಾರ ಮೊಟ್ಟೆ ಸಾರು ಆಗುತ್ತದೆ, ಮುದ್ದೆಗೆ ಹೇಳಿ ಮಾಡಿಸಿದ ಹಾಗೆ.

ಆನೆಬಾಗಿಲು

ಅತ್ತೆಗೆ ರೊಟ್ಟಿ, ಅಕ್ಕನಿಗೆ ಮುದ್ದೆ ಅಂತ ಇದೆಯಲ್ಲ, ಅದಕ್ಕೊಂದು ಮಾತು. ಎರಡಕ್ಕೂ ಹೊಂದುವ ಸಾರು ಆರಿಸಿದರೆ ಜಗಳ ಇಲ್ಲ. ಸೊಪ್ಪಿನ ಬಸ್ಸಾರು ಮಾಡಿ. ಬಸಿದ ಸಾರು ಮುದ್ದೆಗೆ, ಅದೇ ಸೊಪ್ಪು, ಕಾಳಿನ ಪಲ್ಯ ರೊಟ್ಟಿಗೆ. ಅದೇ ಸಾರು ಮಕ್ಕಳ ಅನ್ನಕ್ಕೆ. ಒಂದೇ ಕುದಿಯಲ್ಲಿ ಮೂರು ತಟ್ಟೆ ತುಂಬುತ್ತದೆ. ಆ ದಿನ ಕಟಕ ರೊಟ್ಟಿ ಇಟ್ಟುಕೊಳ್ಳಿ, ಮುದ್ದೆ ತಿರುವುವುದಷ್ಟೇ ಕೆಲಸ.

ನಿಟ್ಟುವಳ್ಳಿ ಅಕ್ಕ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಪಿಜೆ ಬಡಾವಣೆಯವರು ಹೇಳಿದ ಹಾಗೆ ಎಲ್ಲರನ್ನೂ ಕೂರಿಸಿದೆ. ದೊಡ್ಡವಳು ದೋಸೆ ಅಂದಳು, ಸಣ್ಣವನು ಮಂಡಕ್ಕಿ ಅಂದ, ಅತ್ತೆ ಎಣ್ಣೆಗಾಯಿ ಅಂದರು. ಮನೆಯವರು "ನಿಂಗೆ ಸುಲಭ ಆಗೋದು ಮಾಡು" ಅಂದರು. ಅದಕ್ಕೆ ಅತ್ತೆಯೇ "ಅದು ಆರಿಸಿದ ಹಾಗಾಯಿತೇನೋ, ಒಂದು ಹೆಸರು ಹೇಳು" ಅಂತ ಗದರಿದರು! ಕೊನೆಗೆ ಶುಕ್ರವಾರ ಅವರದು, ಅವರೇ ಮಾಡುತ್ತಾರೆ. ಅನ್ನ ಕಡಿಮೆ, ಹೆಸರುಕಾಳು ಜಾಸ್ತಿ ಹಾಕಿದ ಖಿಚಡಿ ಅಂತೆ.

ಈಗ ಹೀಗೆ ನಿಂತಿದೆ. ಸೋಮವಾರ ರೊಟ್ಟಿ, ಎಣ್ಣೆಗಾಯಿ. ಮಂಗಳವಾರ ಮುದ್ದೆ, ಹುರುಳಿ ಸಾರು. ಬುಧವಾರ ಚಪಾತಿ, ಮೆಂತ್ಯ ಸೊಪ್ಪಿನ ಪಲ್ಯ. ಗುರುವಾರ ಖಾಲಿ. ಶುಕ್ರವಾರ ಖಿಚಡಿ. ಶನಿವಾರ ದೋಸೆ. ಭಾನುವಾರ ರಾತ್ರಿ ಮಂಡಕ್ಕಿ ಒಗ್ಗರಣೆ, ಮೊಳಕೆ ಕಾಳು ಹಾಕಿ. ತರಕಾರಿ ಭಾನುವಾರ ಬೆಳಿಗ್ಗೆ ತರುತ್ತೇವೆ. ಎಲ್ಲಾದರೂ ಎಡವಟ್ಟು ಕಂಡರೆ ಹೇಳಿ.

ಮಾರ್ಕೆಟ್ ಮಾತು

ಒಂದು ಇದೆ. ಭಾನುವಾರ ತಂದ ಮೆಂತ್ಯ ಸೊಪ್ಪು ಬುಧವಾರದ ಹೊತ್ತಿಗೆ ಹಳದಿಯಾಗಿರುತ್ತದೆ. ಬದನೆಕಾಯಿ ಮೂರು ದಿನ ತಡೆಯುತ್ತದೆ. ಸೋಮವಾರ ರೊಟ್ಟಿಗೆ ಮೆಂತ್ಯ, ಬುಧವಾರ ಚಪಾತಿಗೆ ಎಣ್ಣೆಗಾಯಿ ಮಾಡಿ.

ರೊಟ್ಟಿ ತಟ್ಟುವವಳು

ಚಪಾತಿಗೆ ಎಣ್ಣೆಗಾಯಿ ಅಂದರೆ ಅತ್ತೆ ಒಪ್ಪುತ್ತಾರಾ? ಬುಧವಾರವೇ ರೊಟ್ಟಿ ಮಾಡಿ, ಸೋಮವಾರ ಚಪಾತಿ ಇರಲಿ. ಮೆಂತ್ಯವನ್ನು ಚಪಾತಿ ಹಿಟ್ಟಿಗೇ ಕಲಸಿದರೆ ಮಕ್ಕಳೂ ತಿನ್ನುತ್ತಾರೆ.

ನಿಟ್ಟುವಳ್ಳಿ ಅಕ್ಕ

ಅದೇ ಸರಿ. ಬದಲಾಯಿಸಿದೆ. ಅತ್ತೆಯೂ ಒಪ್ಪಿದರು.

ಕಾಳುಕಡಿ

ಮಂಗಳವಾರದ ಹುರುಳಿಯನ್ನು ಸೋಮವಾರ ರಾತ್ರಿಯೇ ನೆನೆಹಾಕಬೇಕು. ಹಾಳೆಯಲ್ಲಿ ಸೋಮವಾರದ ಮುಂದೆ ಅದನ್ನೂ ಬರೆದುಬಿಡಿ, ಯಾರು ನೆನೆಹಾಕಬೇಕು ಅನ್ನುವುದನ್ನೂ ಸೇರಿಸಿ.